ಹಾದಿಯಲ್ಲಿ ಹುಟ್ಟಿದ ಮರಿಗಳು

ಹೈದರಾಬಾದಿನ ಸವಾರಿ ಶಾಲೆಯೊಂದರಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ ಅಣ್ಣ ಕೆಲಸ ಬಿಟ್ಟು ಊರಿಗೆ ಬಂದ. ಅವನು ಬಹಳ ವರ್ಷ ಸಾಕಿದ ಹೆಣ್ಣು ಕುದುರೆ ಹೊಟ್ಟೆಶೂಲೆಯಿಂದ ಸತ್ತಿತ್ತು. ಬಂದವನೇ ಗೋಡೆ ಕಡೆ ಮುಖ ಮಾಡಿ ಮಲಗಿದ. ರೊಟ್ಟಿ ಮುಟ್ಟಲಿಲ್ಲ. ನನಗೆ ಮೈ ಉರಿಯಿತು. ಅಪ್ಪ ಸತ್ತಾಗ ಒಂದು ಹನಿ ಕಣ್ಣೀರು ಹಾಕದವನು ಕುದುರೆಗೆ ಅಳುತ್ತಾನಲ್ಲ! ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ.

ನಮ್ಮದು ಗೋಗಿ ಹತ್ತಿರದ ಕುರಿಗಾರರ ಮನೆ. ಅವ್ವ ಪ್ರಾಯದಲ್ಲಿ ಅಪ್ಪನ ಜೊತೆ ಹಿಂಡಿನ ಹಿಂದೆ ಊರೂರು ತಿರುಗಿದವಳು. ಆಗ ಪಾತ್ರೆ, ಕಂಬಳಿ, ಹಾದಿಯಲ್ಲಿ ಹುಟ್ಟಿದ ಕುರಿಮರಿ ಎಲ್ಲವೂ ತಟ್ಟು ಎನ್ನುವ ಗಿಡ್ಡ ಕುದುರೆಯ ಬೆನ್ನ ಮೇಲೆ. ಹಾಗಾಗಿ ಅಣ್ಣನ ದುಃಖ ಅವಳಿಗೆ ಹುಚ್ಚಾಟ ಅನ್ನಿಸಲಿಲ್ಲ. ಊಟ ಬಿಟ್ಟು ಮಗ ಎಲ್ಲಿ ಸತ್ತೇ ಹೋಗುತ್ತಾನೋ ಎಂಬ ಭಯ ಮಾತ್ರ ಇತ್ತು. ಒಂದು ಬೆಳಿಗ್ಗೆ ಅವನ ಪಕ್ಕ ಕುಳಿತು, "ಅದು ಎಂಥಾ ಕುದುರಿ ಇತ್ತೋ ಯಪ್ಪಾ, ಹೇಳು" ಎಂದಳು.

ಅಣ್ಣ ಮೆಲ್ಲಗೆ ಬಾಯಿ ಬಿಟ್ಟ. ಟ್ರಾಕೇನರ್ ಅಂತ ಜಾತಿ. ಹಿಂದೆ ಜರ್ಮನಿಗೆ ಸೇರಿದ್ದ ಪೂರ್ವ ಪ್ರಷ್ಯಾ ಎಂಬ ಸೀಮೆಯಲ್ಲಿ ರಾಜನೊಬ್ಬ ಅಲ್ಲಿನ ಗಿಡ್ಡ, ಗಟ್ಟಿ ಕುದುರೆಗಳಿಂದ ಶುರು ಮಾಡಿದ ತಳಿ. ಆಮೇಲೆ ಅರಬ್ಬಿ ಕುದುರೆಯ, ಇಂಗ್ಲಿಷರ ಓಟದ ಕುದುರೆಯ ರಕ್ತ ಸೇರಿತು. ಉದ್ದ ಕತ್ತು, ಅಗಲ ಹಣೆ, ತೇಲಿದಂಥ ನಡಿಗೆ. ತೊಡೆಯ ಮೇಲೆ ಕಡವೆಯಂಥ ಪ್ರಾಣಿಯ ಕೊಂಬಿನ ಆಕಾರದಲ್ಲಿ ಹಾಕಿದ ಬರೆ.

"ಭಾಳ ಸೂಕ್ಷ್ಮ, ಯವ್ವಾ. ಒಮ್ಮೆ ಬೈದ್ರ ಸಂಜಿತನ ನನ್ನ ಕಡಿ ನೋಡದ ಮಾರಿ ತಿರುವಿಕೊಂಡಿರತಿತ್ತು."

"ನಿನ್ನಂಗ" ಎಂದು ಅವ್ವ ನಕ್ಕಳು.

ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ರಷ್ಯದ ಸೈನ್ಯ ಬೆನ್ನಟ್ಟಿದಾಗ, ಅಲ್ಲಿನ ಜನ ಗಬ್ಬದ ಕುದುರೆಗಳನ್ನೇ ಗಾಡಿಗೆ ಹೂಡಿ, ಹೆಪ್ಪುಗಟ್ಟಿದ ಕಡಲ ಹಿನ್ನೀರಿನ ಮೇಲೆ ಓಡಿದರಂತೆ. ಮಂಜುಗಡ್ಡೆ ಒಡೆದು ಎಷ್ಟೋ ಮುಳುಗಿದವು. ಬದುಕಿದ ಕೆಲವೇ ಕುದುರೆಗಳ ಸಂತಾನ ಅಣ್ಣನ ಕುದುರೆ.

ಅವ್ವನ ನಗು ಹೋಯಿತು. "ಹಾದ್ಯಾಗ ಈದ ಮರಿ ಏನ್ ಮಾಡಿದ್ರು?"

"ಬಿಟ್ಟು ಹೋದ್ರು, ಯವ್ವಾ."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ನಮ್ಮಿಬ್ಬರ ಮುಖ ನೋಡದೆ ಹೇಳಿದಳು. "ನಿಮಗಿಂತ ಮೊದ್ಲ ಒಂದು ಹೆಣ್ಣು ಕೂಸು ಹುಟ್ಟಿತ್ತು. ಕೊಂಕಲ್ ಆಕಡಿ, ಕುರಿ ಹೊಡಕೊಂಡು ಹೋಗುವಾಗ. ಒಂದೆರಡು ದಿನ ಇತ್ತು. ಹೊಲದ ಬದುವಿನ್ಯಾಗ ಮಣ್ಣ ಮಾಡಿದ್ವಿ. ಕುರಿಗೆ ನೀರಿಲ್ಲ, ನಿಂದ್ರಾಕ ಆಗಲಿಲ್ಲ. ಅವತ್ತ ಸಂಜಿಕ ನಡದ್ವಿ. ಎದಿಯಾಗ ಹಾಲು ಸೋರಾಕತ್ತಿತ್ತು."

ನನಗೊಬ್ಬ ಅಕ್ಕ ಇದ್ದಳೆಂದು ತಲೆಗೂದಲು ನೆರೆತ ಮೇಲೆ ತಿಳಿಯಿತು. ಅಣ್ಣ ಎದ್ದು ಕುಳಿತ. "ಜಾಗ ಗುರ್ತೈತೇನ್ ಯವ್ವಾ? ಹೋಗಿ ಬರೋಣ."

"ಎಲ್ಲಿ ಗುರ್ತು? ಕಾಲುವಿ ಬಂತು. ಬದು ಮುರದು ನೆಲ್ಲು ಹಚ್ಯಾರ." ಅಣ್ಣನ ಕಡೆ ತಿರುಗಿ ಕೇಳಿದಳು. "ನಿನ್ನ ಕುದುರಿ ಎಲ್ಲಿ ಮಣ್ಣ ಮಾಡ್ಯಾರ, ನಿನಗ ಗೊತ್ತೈತಿ?"

"ಗೊತ್ತೈತಿ. ಬೇವಿನ ಗಿಡದ ಬಾಜೂಕ."

"ಪುಣ್ಯವಂತ ಅದಿ, ಮಗನ" ಎಂದಳು ಅವ್ವ. "ಏಳು, ರೊಟ್ಟಿ ತಿನ್ನು."