ಹಿತ್ತಿಲ ತಂತಿಯ ಲುಂಗಿ

ನಮ್ಮ ಬಗೋ ಸೀಮೆಯಲ್ಲಿ ಹೆಂಗಸರು ಉಡುವುದೂ ಲುಂಗಿಯೇ; ಆದರೆ ಹೆಂಗಸರ ಲುಂಗಿಯನ್ನು ಹಿತ್ತಿಲಲ್ಲಿ, ತಗ್ಗಿನ ತಂತಿಯ ಮೇಲೆ ಹರವುತ್ತೇವೆ. ಅದರಡಿ ನಡೆದರೆ ಗಂಡಸಿನ ತೇಜಸ್ಸು ಹೋಗುತ್ತದಂತೆ. ಈ ವಿಷಯದಲ್ಲಿ ಪಕ್ಕದ ಮನೆಯ ದಾ ಫ್ವಾಳಷ್ಟು ಕಟ್ಟುನಿಟ್ಟಿನ ಮುದುಕಿಯನ್ನು ನಾನು ಕಾಣೆ.

ಅವಳ ಸೊಸೆ ಶ್ವೇ ಜಿನ್ ಮದುವೆಯಾದಾಗಿನಿಂದ ಮಗುವಿಗಾಗಿ ಹಂಬಲಿಸಿದವಳು. ಭತ್ತದ ಕೊಯ್ಲಿನಲ್ಲಿ ಅವಳಿಗೆ ಕೊಳಕುಮಂಡಲ ಕಚ್ಚಿತು. ಆಸ್ಪತ್ರೆಯವರು ಉಳಿಸಿ ಕಳಿಸಿದರು. ಮನೆಗೆ ಬಂದವಳು ಬಿಳಿಚಿಕೊಂಡಳು, ಊಟ ಸೇರದು, ಬೆಳಿಗ್ಗೆ ಏಳಲಾರಳು, ಮುಟ್ಟೂ ನಿಂತಿತು. ಇನ್ನೇನು ಬೇಕು! ಊರಿಗೂರೇ ಬಸುರಿ ಎಂದು ತೀರ್ಮಾನಿಸಿತು, ನಾನೂ ಸೇರಿ.

"ಬಾಳೆಹಣ್ಣು ಮುಟ್ಟಬೇಡ ಕಣೇ, ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗತ್ತೆ," ಎಂದು ದಾ ಫ್ವಾ ಕಾವಲು ಕೂತಳು. ಅಟ್ಟದಿಂದ ಬಿದಿರಿನ ತೊಟ್ಟಿಲು ಇಳಿಯಿತು.

ಹೊಟ್ಟೆ ಮಾತ್ರ ಬರಲಿಲ್ಲ. ಬೇಸಿಗೆಯಲ್ಲೊಂದು ದಿನ ಶ್ವೇ ಜಿನ್ ಬಾವಿಕಟ್ಟೆಯ ಬಳಿ ಕುಸಿದುಬಿದ್ದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಹೇಳಿದರು: "ಬಸಿರೂ ಇಲ್ಲ, ಏನೂ ಇಲ್ಲ. ಮಿದುಳಿನಡಿ ಕಡಲೆಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಇರತ್ತೆ. ಶಕ್ತಿ, ಮುಟ್ಟು ಎಲ್ಲಾ ನಡೆಸೋದು ಅದೇ. ಹಾವಿನ ವಿಷಕ್ಕೆ ಕೆಲಸ ನಿಲ್ಲಿಸಿದೆ. ಮತ್ತೆ ಶುರುವಾಗೋದು ಅಪರೂಪ. ಮಾತ್ರೆ ಒಂದು ದಿನವೂ ಬಿಡಬೇಡಿ."

"ಮಗು?" ಎಂದಳು ಶ್ವೇ ಜಿನ್.

"ಮುಟ್ಟು ತಾನಾಗಿ ಬಂದರೆ ನೋಡೋಣ."

ನಾಚಿಕೆಯಿಂದ ದಾ ಫ್ವಾ ವಾರಗಟ್ಟಲೆ ಹೊರಗೆ ಮುಖ ತೋರಿಸಲಿಲ್ಲ. ತೊಟ್ಟಿಲು ಮತ್ತೆ ಅಟ್ಟ ಸೇರಿತು. ಶ್ವೇ ಜಿನ್ ಮಾತ್ರೆ ನುಂಗಿಕೊಂಡು ನಾಟಿಗೇನೋ ಬಂದಳು, ನಮ್ಮ ಜೊತೆ ಹಾಡಲಿಲ್ಲ. ಇನ್ನೊಂದು ಮದುವೆ ಆಗು ಎಂದು ಊರಿನವಳೊಬ್ಬಳು ಅವಳ ಗಂಡ ಕೋ ತೂನ್‌ನ ಕಿವಿಯಲ್ಲಿ ಊದಿದಳು.

"ನಿಮ್ಮ ಮಗಳನ್ನ ಕೊಡ್ತೀರಾ? ಆ ಮೂತಿ ಕಂಡ್ರೆ ಹಾವೂ ಓಡತ್ತೆ!" ಎಂದ ಅವನು.

ಮುಂದಿನ ಕೊಯ್ಲು ಮುಗಿದ ಮೇಲೆ ಡಾಕ್ಟರು ಮತ್ತೆ ಪರೀಕ್ಷಿಸಿ, ಗ್ರಂಥಿ ಚೇತರಿಸಿಕೊಳ್ಳುತ್ತಿದೆ ಎಂದು ಮಾತ್ರೆ ಕಡಿಮೆ ಮಾಡಿದರು. ಕೆಲವು ವಾರಗಳ ನಂತರ ದಾ ಫ್ವಾ ಬೇಲಿಯಾಚೆಯಿಂದ ಕೂಗಿದಳು: "ಏ, ಬಾರೇ ಇಲ್ಲಿ!"

ಹಿತ್ತಿಲ ತಂತಿಯ ಮೇಲೆ ಒದ್ದೆ ಲುಂಗಿ, ಪಕ್ಕದಲ್ಲಿ ಮುಟ್ಟಿನ ಬಟ್ಟೆ. ಅಡುಗೆಮನೆ ಬಾಗಿಲಲ್ಲಿ ಶ್ವೇ ಜಿನ್ ಅಳುತ್ತಲೇ ನಗುತ್ತಿದ್ದಳು. ನನಗೂ ಅಳು ಬಂತು.

"ನೆರಳಲ್ಲಿ ಹಾಕಿದಾಳೆ ನೋಡು, ದಡ್ಡಿ," ಎಂದ ಮುದುಕಿ ಆ ಲುಂಗಿಯನ್ನು ಎತ್ತಿಕೊಂಡು ಹೋಗಿ ಮುಂದಿನ ಅಂಗಳದಲ್ಲಿ, ಗಂಡಸರ ಬಟ್ಟೆಯ ಎತ್ತರದ ತಂತಿಗೆ ಹರವಿದಳು. ಹೆಂಗಸಿನ ಲುಂಗಿ ಆ ತಂತಿ ಏರಿದ್ದನ್ನು ನಾನು ಕಂಡದ್ದೇ ಇಲ್ಲ.

ಗದ್ದೆಯಿಂದ ಬಂದ ಕೋ ತೂನ್ ತಂತಿಯ ಮುಂದೆ ನಿಂತ. ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ.

"ತೇಜಸ್ಸು ಹೋದ್ರೆ ಹೋಗ್ಲಿ ಬಿಡಮ್ಮ," ಎಂದು ಅದರಡಿಯೇ ಹಾದು ಒಳಗೆ ಹೋದ. ಒದ್ದೆ ಅಂಚು ಅವನ ತಲೆ ಸವರಿತು.