ಎಂಟನೆಯ ಕಲಂ

ಓದಮ್ಮನವರ ಪಕ್ಕದ ಮೇಜಿನಲ್ಲಿ ನಾನು ಹನ್ನೊಂದು ವರ್ಷ ಕೂತಿದ್ದೇನೆ. ಅದರಲ್ಲಿ ಹತ್ತು ವರ್ಷ ಅವರ ಕೆಲಸ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮದು ಸರ್ಕಾರಿ ಆಸ್ಪತ್ರೆಯ ಎರಡನೇ ಮಹಡಿಯ ಮೂಲೆ ಕೋಣೆ. ಕೈಕಾಲು ನಡುಗುವ ಕಾಯಿಲೆಯವರ ಧ್ವನಿಯನ್ನು ಅಲ್ಲಿ ರೆಕಾರ್ಡ್ ಮಾಡಿ ಪರದೇಶದ ಒಂದು ಸಂಶೋಧನಾ ಸಂಸ್ಥೆಗೆ ಕಳಿಸುತ್ತಿದ್ದೆವು, ನಮ್ಮಲ್ಲಿ ಅದರ ಪ್ರತಿ ಉಳಿಸಿಕೊಳ್ಳುವಂತಿರಲಿಲ್ಲ. ಮಾತು ಕೇಳಿಯೇ ಕಾಯಿಲೆ ಪತ್ತೆ ಮಾಡಬಹುದೇ ಎಂದು ಅವರು ನೋಡುತ್ತಿದ್ದರು. ಒಬ್ಬರ ಧ್ವನಿ ಗಡಿ ದಾಟಬೇಕಾದರೆ ಸರ್ಕಾರದ ನಿಯಮಗಳು ಹತ್ತಾರು. ಅವೆಲ್ಲ ಸೇರಿ ಎಂಟು ಕಲಮುಗಳ ಒಪ್ಪಿಗೆ ಪತ್ರವಾಗಿತ್ತು. ಅದನ್ನು ಓದಿ ಹೇಳಬೇಕು, ರೋಗಿ ಅರ್ಥವಾಯಿತು ಅನ್ನಬೇಕು, ಆಮೇಲೆ ಸಹಿಗೆ ಬದಲು ಹೆಬ್ಬೆಟ್ಟು, ಕೈ ನಡುಗುತ್ತದಲ್ಲ. ಓದಿದ್ದಕ್ಕೆ ಸಾಕ್ಷಿಯಾಗಿ ಆ ಓದನ್ನೂ ರೆಕಾರ್ಡ್ ಮಾಡಿ ನಮ್ಮ ಬೀರುವಿನಲ್ಲೇ ಇಡಬೇಕು.

ನಾನು ಆರು ನಿಮಿಷದಲ್ಲಿ ಮುಗಿಸುತ್ತಿದ್ದೆ. ಆಕೆಗೆ ನಲವತ್ತು ನಿಮಿಷ ಬೇಕು. ಓದಮ್ಮ ಎಂಬ ಹೆಸರು ರೋಗಿಗಳೇ ಇಟ್ಟದ್ದು. ಕಾಗದವನ್ನು ಪಕ್ಕಕ್ಕಿಟ್ಟು, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಶುರು ಮಾಡುತ್ತಿದ್ದರು.

"ನೋಡಿ ಅಜ್ಜಿ, ನಿಮ್ಮ ಮಾತು ಬೇರೆ ದೇಶಕ್ಕೆ ಹೋಗುತ್ತೆ. ಹೆಸರು ಹೋಗಲ್ಲ. ಅದು ಈ ಬೀರುವಲ್ಲೇ ಇರುತ್ತೆ, ಬೀಗದ ಕೈ ನನ್ನ ಹತ್ರ. ಅಲ್ಲಿಯವರಿಗೆ ನೀವು ಬರೀ ಒಂದು ನಂಬರು. ಏನು ಅರ್ಥ ಆಯ್ತು, ಈಗ ನೀವೇ ನನಗೆ ಹೇಳಿ."

"ಏನಿಲ್ಲಮ್ಮ, ನನ್ನನ್ನ ಇಲ್ಲೇ ಬಿಟ್ಟು ನನ್ನ ಗಂಟಲು ಒಂದೇ ಪ್ರವಾಸ ಹೋಗುತ್ತೆ," ಎಂದಿದ್ದಳು ಒಬ್ಬ ಅಜ್ಜಿ. ಹೊರಗೆ ಸಾಲು ಮೆಟ್ಟಿಲವರೆಗೆ ಬೆಳೆಯುತ್ತಿತ್ತು. ನಾನು ಹಲ್ಲು ಕಡಿಯುತ್ತಿದ್ದೆ.

"ಅಷ್ಟೊಂದು ಯಾಕೆ ಮೇಡಂ? ಅವರೇನು ಪರೀಕ್ಷೆ ಬರೀಬೇಕಾ?"

"ಅವರ ಮಾತು ಅವರದ್ದು ಸರ್. ಕೇಳದೆ ತಗೊಂಡ್ರೆ ಅದಕ್ಕೆ ಬೇರೆ ಹೆಸರಿದೆ."

ಓದಮ್ಮನಿಗೆ ಇದ್ದದ್ದು ಒಬ್ಬ ಅಣ್ಣ, ಹದಿನೈದು ವರ್ಷ ದೊಡ್ಡವರು. ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಸುಖವಾಗಿದ್ದರು. ಅಣ್ಣ ಬಸ್ ಕಂಡಕ್ಟರ್. ಹಿಂದಿನ ಬಾಗಿಲಲ್ಲಿ ನಿಂತು "ಮುಂದೆ ಹೋಗಿ" ಎಂದು ಕೂಗಿದರೆ ಡ್ರೈವರ್ ಕೂಡ ಒಂಚೂರು ಮುಂದಕ್ಕೆ ಸರಿಯುತ್ತಿದ್ದನಂತೆ. ನಿವೃತ್ತಿಯಾದ ವರ್ಷವೇ ಅವರ ಕೈ ನಡುಗತೊಡಗಿತು, ದೊಡ್ಡ ದನಿ ದಿನೇ ದಿನೇ ಸಣ್ಣದಾಯಿತು. ಒಂದು ದಿನ ಅವರೂ ನಮ್ಮ ಕೋಣೆಗೆ ಬಂದರು.

ತಮ್ಮ ಮನೆಯವರಿಗೆ ತಾವೇ ಓದಿ ಹೇಳಬಾರದು ಎಂಬುದು ನಿಯಮ. ದಾಕ್ಷಿಣ್ಯಕ್ಕೆ ಯಾರೂ ಒಪ್ಪಬಾರದಲ್ಲ. ಓದಮ್ಮ ಎದ್ದು ಹೊರಗಿನ ಬೆಂಚಿನ ಮೇಲೆ ಕೂರಲು ಹೊರಟರು.

"ಸರ್, ಎಂಟೂ ಓದಿ," ಎಂದರು ಬಾಗಿಲಲ್ಲಿ ನಿಂತು.

"ಓದ್ತೀನಿ ಬಿಡಿ ಮೇಡಂ."

ಓದಲಿಲ್ಲ. ಏಳಕ್ಕೇ ನಿಲ್ಲಿಸಿದೆ. ಎಂಟನೆಯದು ಕಾಗದದ ಹಿಂಬದಿಯಲ್ಲಿತ್ತು. ನಿಮ್ಮ ಧ್ವನಿಯ ಪ್ರತಿಯನ್ನು ನೀವು ಯಾವಾಗ ಬೇಕಾದರೂ ಕೇಳಿ ಪಡೆಯಬಹುದು, ನಿಮ್ಮ ನಂತರ ನೀವು ಸೂಚಿಸಿದವರು ಪಡೆಯಬಹುದು, ಅವರ ಹೆಸರನ್ನು ಇಲ್ಲಿ ಬರೆಯಿರಿ. ಇಷ್ಟೇ.

ಕಳೆದ ವರ್ಷ ಅಣ್ಣ ತೀರಿಕೊಂಡರು. ಓದಮ್ಮ ಎರಡು ವಾರ ಬಿಟ್ಟು ಕೆಲಸಕ್ಕೆ ಬಂದು ಎಂದಿನಂತೆ ನಲವತ್ತು ನಿಮಿಷ ಓದಿದರು. ಅದಾದ ಕೆಲವೇ ದಿನಕ್ಕೆ ಪರದೇಶದಿಂದ ಪತ್ರ ಬಂತು. ಸಂಶೋಧನೆಯ ಒಂದು ಹಂತ ಮುಗಿಯಿತು, ಒಪ್ಪಂದದಂತೆ ತಿಂಗಳ ಕೊನೆಗೆ ಆ ಹಂತದ ಎಲ್ಲ ಧ್ವನಿಗಳನ್ನೂ ಅಳಿಸುತ್ತೇವೆ, ಪ್ರತಿ ಬೇಕಾದವರು ಅಷ್ಟರೊಳಗೆ ಕೇಳಿಕೊಳ್ಳಿ.

ಓದಮ್ಮ ಪತ್ರವನ್ನು ಎರಡು ಸಲ ಓದಿದರು. "ಮನೇಲಿ ಅಣ್ಣನ ಫೋಟೋ ಇದೆ ಸರ್, ದನಿ ಇಲ್ಲ. ದಿನಾ ಎದುರಿಗೇ ಇರೋರ ಮಾತನ್ನ ಯಾರು ಹಿಡಿದಿಟ್ಕೋತಾರೆ?"

ಬೀರು ತೆರೆದು ಅಣ್ಣನ ಒಪ್ಪಿಗೆ ಪತ್ರ ತೆಗೆದರು, ತಿರುಗಿಸಿದರು. ಎಂಟನೆಯ ಕಲಮಿನ ಕೆಳಗೆ ಜಾಗ ಖಾಲಿ.

"ನನ್ನ ಹೆಸರು ಬೇಡ ಅಂದನಾ ಸರ್?"

ನಾನು ಹೇಡಿಯ ಹಾಗೆ ಪೆನ್ನು ಮುಂದೆ ಚಾಚಿದೆ. "ಬರೆದುಬಿಡಿ ಮೇಡಂ, ಯಾರಿಗೆ ಗೊತ್ತಾಗುತ್ತೆ?"

"ಬೀಗದ ಕೈ ನನ್ನ ಹತ್ರ ಇದೆ ಅಂತ ಎಷ್ಟು ಜನಕ್ಕೆ ಹೇಳಿದ್ದೀನಿ," ಎಂದರು. ಪೆನ್ನು ಮುಟ್ಟಲಿಲ್ಲ.

"ಅವರು ಬೇಡ ಅನ್ನಲಿಲ್ಲ ಮೇಡಂ. ನಾನೇ ಓದಲಿಲ್ಲ." ಆಕೆ ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ. ಪತ್ರವನ್ನು ಮಡಿಸದೆ ಹಾಗೇ ಕಡತದಲ್ಲಿಟ್ಟು ಮುಂದಿನ ರೋಗಿಯನ್ನು ಕರೆದರು.

ಆ ಓದಿನ ರೆಕಾರ್ಡ್ ಇದೆಯಲ್ಲ ಎಂಬುದು ನನಗೆ ಹೊಳೆದದ್ದು ಮರುದಿನ ಸ್ನಾನ ಮಾಡುವಾಗ. ಅದನ್ನು ತೆಗೆಯಲು ಅಧಿಕಾರಿಗಳ ಅನುಮತಿ ಬೇಕು. ನಾನೇ ಅರ್ಜಿ ಬರೆದೆ, ತಪ್ಪನ್ನೂ ಬರೆದೆ. ಅಧಿಕಾರಿ, ಓದಮ್ಮ, ನಾನು, ಮೂವರೂ ಕೂತು ಕೇಳಿದೆವು. ನನ್ನ ಓದು ಬಾಲಕ್ಕೆ ಬೆಂಕಿ ಬಿದ್ದವನ ಹಾಗೆ ಓಡುತ್ತಿತ್ತು. ಏಳನೆಯದು ಮುಗಿಯುತ್ತಲೇ ಒಂದು ಸಣ್ಣ ದನಿ ಕೇಳಿತು.

"ಹಿಂದುಗಡೆ ಇನ್ನೂ ಏನೋ ಬರೆದಿದೆಯಲ್ಲ ಸ್ವಾಮಿ?"

"ಅದೇನಿಲ್ಲ, ನಿಮ್ಮ ನಂತರ ಇದು ಯಾರಿಗೆ ಅಂತ. ಆಮೇಲೆ ತುಂಬ್ತೀವಿ."

"ಯಾರಿಗೆ ಅಂದ್ರೆ? ನನ್ನದೆಲ್ಲಾ ನನ್ನ ತಂಗಿಗೇ."

"ಸರಿ ಸರಿ, ಇಲ್ಲಿ ಒತ್ತಿ."

ಓದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ನೆಲ ನೋಡುತ್ತಿದ್ದೆ. ಬಾಯಿಮಾತಿನ ಒಪ್ಪಿಗೆಯೂ ಒಪ್ಪಿಗೆಯೇ ಎಂದು ಅಧಿಕಾರಿ ಸಹಿ ಹಾಕಿದರು. ಇನ್ನೊಂದು ಸಹಿ ನನಗೆ ಕೊಟ್ಟ ಮೆಮೋದ ಮೇಲೆ ಬಿತ್ತು.

ಧ್ವನಿಯನ್ನು ವಾಪಸು ತರಿಸಿಕೊಳ್ಳುವುದಕ್ಕೂ ಒಂದು ಒಪ್ಪಿಗೆ ಪತ್ರವಿತ್ತು. ಅದನ್ನು ಆಕೆಗೆ ನಾನೇ ಓದಬೇಕಾಯಿತು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ.

"ಎರಡನೇದು ಇನ್ನೊಂದ್ಸಲ ಓದಿ ಸರ್."

"ಇಂಥದ್ದನ್ನ ಸಾವಿರ ಸಲ ಓದಿದ್ದೀರಲ್ಲ ಮೇಡಂ!"

"ಓದಿದ್ದೀನಿ. ನನಗೆ ಯಾರೂ ಓದಿ ಹೇಳಿರಲಿಲ್ಲ."

ಇನ್ನೊಮ್ಮೆ ಓದಿದೆ. ಐವತ್ತು ನಿಮಿಷವಾಯಿತು.

ತಿಂಗಳ ಕೊನೆಗೆ ನಾಲ್ಕು ದಿನವಿರುವಾಗ ಧ್ವನಿ ಬಂತು. ಓದಮ್ಮ ಇಯರ್‌ಫೋನ್ ಹಿಡಿದುಕೊಂಡು ಅದೇ ಹೊರಗಿನ ಬೆಂಚಿಗೆ ಹೋದರು. ನಾನು ಹೋಗಲಿಲ್ಲ, ಅದು ನನ್ನದಲ್ಲ. ಸ್ವಲ್ಪ ಹೊತ್ತಿಗೆ ಅವರೇ ಕರೆದರು, ಇಯರ್‌ಫೋನಿನ ಒಂದು ಎಳೆಯನ್ನು ನನ್ನ ಕಡೆ ಚಾಚಿದರು. ಕಣ್ಣು ಕೆಂಪಾಗಿತ್ತು.

"ಈಗ ಇದು ನನ್ನದು. ನೀವು ಕೇಳೋಕೆ ನನ್ನ ಒಪ್ಪಿಗೆ ಇದೆ."

ಮೊದಲು ಅಣ್ಣ ಉದ್ದಕ್ಕೆ "ಆ" ಎಂದಿದ್ದರು, ಆಮೇಲೆ ಇಪ್ಪತ್ತರವರೆಗೆ ಎಣಿಸಿದ್ದರು. ಕೊನೆಗೆ ಎರಡು ನಿಮಿಷ ತೋಚಿದ್ದನ್ನು ಮಾತಾಡಬೇಕು.

"ಏನು ಮಾತಾಡೋದು? ಹೊರಗೆ ಬೆಂಚಿನ ಮೇಲೆ ನನ್ನ ತಂಗಿ ಕೂತಿದ್ದಾಳೆ. ಚಿಕ್ಕೋಳಿದ್ದಾಗ ಸ್ಕೂಲು ಬಿಟ್ಟ ಮೇಲೆ ನನ್ನ ಬಸ್ಸು ಹತ್ತಿ ಕೂತ್ರೆ ಕೊನೇ ಟ್ರಿಪ್ಪಿನವರೆಗೂ ಇಳೀತಿರ್ಲಿಲ್ಲ. ಅಣ್ಣ ಮುಗೀತಾ, ಅಣ್ಣ ಮುಗೀತಾ ಅಂತ ಒಂದೇ ಸಮ. ಈಗಲೂ ಹಾಗೇ ಕಾಯ್ತಾ ಇರ್ತಾಳೆ. ಇಷ್ಟು ಸಾಕು ಬಿಡಿ ಸ್ವಾಮಿ."

ಇನ್ನೂ ಒಂದು ನಿಮಿಷ ಉಳಿದಿತ್ತು. ಯಂತ್ರ ನಿಲ್ಲಿಸಲು ನಾನು ಮರೆತಿರಬೇಕು. ಕುರ್ಚಿ ಸರಿದ ಸದ್ದು, ನಿಧಾನದ ಹೆಜ್ಜೆ, ಬಾಗಿಲು ತೆರೆದ ಸದ್ದು. ಆಮೇಲೆ ದೂರದಿಂದ, ಆ ಸಣ್ಣ ದನಿಯನ್ನು ಆದಷ್ಟು ದೊಡ್ಡದು ಮಾಡಿಕೊಂಡು ಅಣ್ಣ ಕರೆದರು.

"ಮುಗೀತು ಪುಟ್ಟಿ, ಬಾ, ಮನೆಗೆ ಹೋಗೋಣ."