ಕೊಂದ ವಸ್ತು ದೇವರಿಗೆ

ನಮ್ಮ ಅತ್ತಿಗೆ ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿಯಲ್ಲಿ ಕರಡು ತಿದ್ದುತ್ತಿದ್ದವಳು. ಮನೆಗೆ ಬಂದರೂ ಪದದ ಹುಚ್ಚು ಬಿಡುತ್ತಿರಲಿಲ್ಲ. ಗಂಡನಿಗೆ ತುತ್ತಿಗೊಂದು ಪದ ಬಡಿಸುತ್ತಾಳೆ ಎಂದು ನಾನು ರೇಗಿಸುತ್ತಿದ್ದೆ. ನಮ್ಮಣ್ಣ ಪಾಪ, ಎಲ್ಲಕ್ಕೂ ಹೂಂಗುಟ್ಟುತ್ತಾ ಉಣ್ಣುತ್ತಿದ್ದ.

ಅವನು ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿದ್ದ. ಅಲ್ಲಿ ರಟ್ಟು ಸಿಕ್ಕಿಕೊಂಡರೆ ಯಾರೂ ಮಷೀನು ನಿಲ್ಲಿಸುವುದಿಲ್ಲ, ಓಡುತ್ತಿರುವಾಗಲೇ ಕೈ ಹಾಕಿ ಎಳೆಯುತ್ತಾರೆ. ನಿಲ್ಲಿಸಿದವನಿಗೆ ಮೇಸ್ತ್ರಿ ಎಲ್ಲರೆದುರು ಮಂಗಳಾರತಿ ಎತ್ತುತ್ತಾನೆ. ಹಾಗೆ ಎಳೆಯಲು ಹೋಗಿಯೇ ಅಣ್ಣನ ತೋಳು ರೋಲರುಗಳ ನಡುವೆ ಹೋಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಮರುದಿನ ಬೆಳಿಗ್ಗೆ ಮಷೀನು ತೊಳೆದು ಚಾಲೂ ಮಾಡಿದರಂತೆ. ಅವರ ಮನೆ ಹಾಳಾಗ!

ಸತ್ತವನ ಮನೆಯವರೊಬ್ಬರಿಗೆ ಕೆಲಸ ಕೊಡುವುದು ಆ ಕಾರ್ಖಾನೆಯ ಪದ್ಧತಿ. ಅದೂ ಅದೇ ಮಷೀನಿನಲ್ಲಿ. ಖಾಲಿ ಬಿದ್ದ ಜಾಗ ಅದೇ ತಾನೆ? ಅಣ್ಣನ ಮಗಳಿಗೆ ಕರೆ ಬಂತು. ನಿಘಂಟಿನ ಕೆಲಸ ಮುಗಿಯುತ್ತಾ ಬಂದಿತ್ತು, ಅದರ ಜೊತೆಗೆ ಅತ್ತಿಗೆಯ ಸಂಬಳವೂ. ಹುಡುಗಿ ಹೋಗಿಯೇ ಸಿದ್ಧ ಎಂದು ಹಟ ಹಿಡಿದಳು. ತಾಯಿ ಅನ್ನ ನೀರು ಬಿಟ್ಟಳು.

ಆ ದಿನಗಳಲ್ಲೇ ಅತ್ತಿಗೆಯ ಕರಡಿನಲ್ಲಿ ‘ಡಿಯೊಡ್ಯಾಂಡ್’ ಎಂಬ ಹಳೆಯ ಪದ ಬಂದದ್ದು. ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಬಂದದ್ದಂತೆ. ದೇವರಿಗೆ ಕೊಡಬೇಕಾದದ್ದು ಎಂದು ಅರ್ಥ. ಹಿಂದೆ ಇಂಗ್ಲಿಷರ ನಾಡಿನಲ್ಲಿ ಗಾಡಿಯಾಗಲಿ ಕುದುರೆಯಾಗಲಿ, ಮನುಷ್ಯನ ಜೀವ ತೆಗೆದರೆ ಅದು ಒಡೆಯನ ಕೈತಪ್ಪುತ್ತಿತ್ತು. ದೇವರ ಹೆಸರಲ್ಲಿ ಅದನ್ನೋ ಅದರ ಬೆಲೆಯನ್ನೋ ರಾಜ ತೆಗೆದುಕೊಳ್ಳುತ್ತಿದ್ದ. ಮುಂದೆ ರೈಲು ಬಂದು, ಇಂಜಿನ್ನುಗಳು ಜನರನ್ನು ಕೊಲ್ಲತೊಡಗಿದ ಮೇಲೆ ಕಂಪನಿಯವರಿಗೆ ಇದು ಗಂಟಲಲ್ಲಿ ಸಿಕ್ಕಿಕೊಂಡಿತು. ಸರ್ಕಾರ ಆ ಕಾನೂನನ್ನೇ ಕಿತ್ತುಹಾಕಿತು.

ಇಷ್ಟನ್ನೇ ಕಟ್ಟಿಕೊಂಡು ಅತ್ತಿಗೆ ಕಾರ್ಖಾನೆಗೆ ಹೊರಟಳು. ನಾನೂ ಜೊತೆಗೆ ಹೋದೆ. ಮ್ಯಾನೇಜರ್ ಮರ್ಯಾದಸ್ಥ, ಕೂರಿಸಿ, ಟೀ ತರಿಸಿ, ಪೂರ್ತಿ ಕೇಳಿದ. ಆ ಮಷೀನು ತೆಗೆದುಬಿಡಿ, ಮಗಳು ಬೇರೆ ಯಾವುದರ ಮುಂದೆ ಬೇಕಾದರೂ ನಿಲ್ಲುತ್ತಾಳೆ ಎಂದು ಅತ್ತಿಗೆ ಕೈಮುಗಿದಳು.

“ಒಳ್ಳೆ ಪದ ಅಮ್ಮ,” ಎಂದ ಅವನು. “ಆದ್ರೆ ಬೇರೆ ಕಡೆ ಜಾಗ ಇಲ್ಲ. ಆ ಮಷೀನ್ ತೆಗೆದ್ರೆ ನಿಮ್ಮ ಮಗಳಿಗೆ ಕೊಡೋ ಕೆಲಸಾನೂ ಹೋಗುತ್ತಲ್ಲ?”

ನನಗೆ ಮೈಯೆಲ್ಲ ಉರಿದುಹೋಯಿತು. ಆ ಕಾಲದವರು ಕೊಂದ ವಸ್ತುವನ್ನು ದೇವರಿಗೆ ಕೊಟ್ಟರು. ಇವರು ಸತ್ತವನ ಮನೆಯವರನ್ನೇ ತಂದು ಅದಕ್ಕೆ ಕೊಡುತ್ತಾರೆ.

ಅತ್ತಿಗೆ ಟೀ ಲೋಟವನ್ನು ಪಕ್ಕಕ್ಕೆ ಸರಿಸಿದಳು. “ಹಾಗಾದ್ರೆ ಆ ಜಾಗ ನನಗೇ ಕೊಡಿ. ಮಗಳಿಗೆ ಬೇಡ.”

ಈಗ ಅವಳೇ ಅಲ್ಲಿ ನಿಲ್ಲುತ್ತಾಳೆ. ಯಾರು ಏನೇ ಬೈಯಲಿ, ಮಷೀನು ನಿಲ್ಲಿಸದೆ ರಟ್ಟು ಮುಟ್ಟುವುದಿಲ್ಲ ಎಂದು ಮೊದಲ ದಿನ ನನಗೆ ಮಾತು ಕೊಟ್ಟಿದ್ದಳು. ಮೊನ್ನೆ ಕೇಳಿದರೆ ಮಾತು ಮರೆಸಿದಳು. ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಮಗಳು ಬಾಗಿಲಿಗೆ ಬಂದು, ತಾಯಿಯ ಎರಡೂ ಕೈ ಹಿಡಿದು ತಿರುಗಿಸಿ ನೋಡುತ್ತಾಳೆ. ಆಮೇಲೇ ಒಳಗೆ ಬಿಡುವುದು.